ಮಳೆಗಾಲ ಶುರುವಾದಾಗಿನಿಂದ ಲ್ಯಾಪ್‌ಟಾಪ್‌ನ ವೈಫೈ ಮಾತ್ರ ಕಡಿಯುತ್ತಿದೆ, ಮೊಬೈಲ್‌ನದು ಕಡಿಯುವುದಿಲ್ಲ. ವೈಫೈ ಅಡಾಪ್ಟರ್‌ನಲ್ಲಿ (ಲ್ಯಾಪ್‌ಟಾಪ್‌ನೊಳಗೆ ವೈಫೈ ಹಿಡಿಯುವ ಭಾಗ) ಏನು ಬದಲಿಸಬೇಕು?

ಚೆಟ್ಟಳ್ಳಿ ತೋಟದಮನೆ
ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಮಳೆ ಹಿಡಿದಾಗಿನಿಂದ ನನ್ನ ಲ್ಯಾಪ್‌ಟಾಪ್‌ನ ವೈಫೈ ಇದ್ದಕ್ಕಿದ್ದಂತೆ ಕಡಿಯುತ್ತಿದೆ. ಕೆಲವೊಮ್ಮೆ ತಾನಾಗಿಯೇ ಕೂಡಿಕೊಳ್ಳುತ್ತದೆ, ಕೆಲವೊಮ್ಮೆ ವೈಫೈ ಆರಿಸಿ ಮತ್ತೆ ಹಾಕಬೇಕಾಗುತ್ತದೆ. ಅದೇ ಮೇಜಿನ ಮೇಲಿರುವ ಮೊಬೈಲ್‌ನಲ್ಲಿ ಅದೇ ಹೊತ್ತಿಗೆ ವಿಡಿಯೊ ಸರಾಗವಾಗಿ ಓಡುತ್ತಿರುತ್ತದೆ. ಆದ್ದರಿಂದ ದೋಷ ಫೈಬರ್ ಲೈನಿನದಲ್ಲ ಎಂಬುದು ಖಚಿತ.

ನಾನು ಬೆಂಗಳೂರಿನ ಸಂಸ್ಥೆಯೊಂದಕ್ಕೆ ಇಲ್ಲಿಂದಲೇ ಕೆಲಸ ಮಾಡುತ್ತೇನೆ. ಸಭೆಯ ನಡುವೆ ಪದೇ ಪದೇ ಮಾಯವಾದರೆ "ಕೊಡಗಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಇಲ್ಲಿಗೇ ಬಂದುಬಿಡಿ" ಎನ್ನುತ್ತಾರೆ. ತೋಟವನ್ನೂ ವಯಸ್ಸಾದ ತಂದೆ ತಾಯಿಯನ್ನೂ ಬಿಟ್ಟು ಹೋಗುವ ಸ್ಥಿತಿಯಲ್ಲಿ ನಾನಿಲ್ಲ.

ವಿವರ ಹೀಗಿದೆ: ವಿಂಡೋಸ್ 11. ರೂಟರ್ ಎರಡೂ ಬ್ಯಾಂಡ್‌ನದು (2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳು), ಎರಡಕ್ಕೂ ಒಂದೇ ಹೆಸರು. ರೂಟರ್ ನಡುಮನೆಯಲ್ಲಿದೆ, ನನ್ನ ಕೋಣೆ ಹಿಂದುಗಡೆ. ಹಳೆಯ ಮನೆಯಾದ್ದರಿಂದ ನಡುವಿನ ಗೋಡೆ ದಪ್ಪ ಮಣ್ಣಿನದು. ಡಿವೈಸ್ ಮ್ಯಾನೇಜರ್ ತೆರೆದು ಅಡಾಪ್ಟರ್‌ನ ಪ್ರಾಪರ್ಟೀಸ್‌ಗೆ ಹೋದರೆ ಅಡ್ವಾನ್ಸ್‌ಡ್ ಪುಟದಲ್ಲಿ ಉದ್ದದ ಪಟ್ಟಿಯೇ ಇದೆ. ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು? ಬಲ್ಲವರು ತಿಳಿಸಿ.

ಕರಿಮೆಣಸು
ರೂಟರ್ ಬದಲಿಸಿ. ಬೇರೆ ದಾರಿಯಿಲ್ಲ.

ಮಡಿಕೇರಿ ಕಂಪ್ಯೂಟರ್ ಅಂಗಡಿ
ಮೊದಲು ನೆಟ್‌ವರ್ಕ್ ರೀಸೆಟ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗ, ಅದರಲ್ಲಿ ಅಡ್ವಾನ್ಸ್‌ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್, ಕೊನೆಯಲ್ಲಿ ನೆಟ್‌ವರ್ಕ್ ರೀಸೆಟ್. ಅಡಾಪ್ಟರ್‌ಗಳನ್ನು ತೆಗೆದು ಹೊಸದಾಗಿ ಸ್ಥಾಪಿಸುತ್ತದೆ. ಮಳೆಗಾಲದಲ್ಲಿ ನನ್ನ ಅಂಗಡಿಗೆ ಇಂಥ ಲ್ಯಾಪ್‌ಟಾಪ್‌ಗಳು ಬರುತ್ತಲೇ ಇರುತ್ತವೆ. ಬಹಳಷ್ಟು ಇದರಿಂದಲೇ ಸರಿಹೋಗುತ್ತವೆ.

ವಿರಾಜಪೇಟೆಯವಳು
ದಯವಿಟ್ಟು ಈಗಲೇ ರೀಸೆಟ್ ಮಾಡಬೇಡಿ! ಉಳಿಸಿಟ್ಟ ಎಲ್ಲ ವೈಫೈ ಗುಪ್ತಪದಗಳೂ ಹೋಗುತ್ತವೆ. ಕಚೇರಿಯ ವಿಪಿಎನ್ (ಕಚೇರಿಯ ಜಾಲಕ್ಕೆ ಸುರಕ್ಷಿತ ಸಂಪರ್ಕ) ಇದ್ದರೆ ಅದನ್ನೂ ಮತ್ತೆ ಹಾಕಿಕೊಳ್ಳಬೇಕಾಗಬಹುದು. ಅದಕ್ಕಿಂತ ಮುಖ್ಯವಾಗಿ, ರೀಸೆಟ್ ಆದ ಮೇಲೆ ಸರಿಹೋದರೂ ಯಾಕೆ ಸರಿಹೋಯಿತು ಎಂಬುದು ತಿಳಿಯುವುದಿಲ್ಲ. ತಿಂಗಳು ಕಳೆದ ಮೇಲೆ ಮತ್ತೆ ಬಂದರೆ ಮತ್ತೆ ರೀಸೆಟ್, ಮತ್ತೆ ಅಂಗಡಿ.

ನಾನು ನೆಟ್‌ವರ್ಕ್ ವಿಭಾಗದಲ್ಲೇ ಕೆಲಸ ಮಾಡುವವಳು, ಬೆಂಗಳೂರಿನಲ್ಲಿದ್ದೇನೆ, ಮನೆ ವಿರಾಜಪೇಟೆ. ಮೊದಲು ನೋಡೋಣ, ಆಮೇಲೆ ಮುಟ್ಟೋಣ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ "ನೆಟ್‌ಶ್ ವ್ಲಾನ್ ಶೋ ಇಂಟರ್‌ಫೇಸಸ್" ಎಂದು ಬರೆಯಿರಿ. ಮೊದಲ ಪದ ಎನ್-ಇ-ಟಿ-ಎಸ್-ಎಚ್, ಎರಡನೆಯದು ಡಬ್ಲ್ಯು-ಎಲ್-ಎ-ಎನ್. ಅದರಲ್ಲಿ ಸಿಗ್ನಲ್, ಚಾನೆಲ್ (ಬ್ಯಾಂಡ್‌ನೊಳಗಿನ ಉಪಪಟ್ಟಿಯ ಸಂಖ್ಯೆ), ರೇಡಿಯೊ ವಿಧ (ವೈಫೈನ ಪೀಳಿಗೆ), ರಿಸೀವ್ ರೇಟ್ (ದತ್ತಾಂಶ ಬರುವ ವೇಗ) ಎಂಬ ಸಾಲುಗಳಿರುತ್ತವೆ. ಈಗೊಮ್ಮೆ ಬರೆದಿಟ್ಟುಕೊಳ್ಳಿ, ಕಡಿದು ಕೂಡಿದ ತಕ್ಷಣ ಇನ್ನೊಮ್ಮೆ ನೋಡಿ.

ಇನ್ನೊಂದಿದೆ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು "ನೆಟ್‌ಶ್ ವ್ಲಾನ್ ಶೋ ವ್ಲಾನ್‌ರಿಪೋರ್ಟ್" ಕೊಟ್ಟರೆ ಕಳೆದ ಮೂರು ದಿನಗಳ ವೈಫೈ ಚರಿತ್ರೆ ಬ್ರೌಸರ್‌ನಲ್ಲಿ ತೆರೆಯಬಹುದಾದ ವರದಿಯಾಗಿ ಸಿಗುತ್ತದೆ. ಯಾವ ಗಳಿಗೆಯಲ್ಲಿ ಕಡಿಯಿತು, ಕಾರಣ ಏನೆಂದು ದಾಖಲಾಗಿದೆ ಎಂಬುದು ಅಲ್ಲಿರುತ್ತದೆ.

ಹೂಮಳೆ
ಮಳೆಗೂ ವೈಫೈಗೂ ಸಂಬಂಧವಿದೆ ಎಂದು ನಾನು ಹೇಳಿದರೆ ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ. ನೀರಿನ ಹನಿ ಅಲೆಗಳನ್ನು ಹೀರಿಕೊಳ್ಳುತ್ತದೆ. ಜುಲೈನಲ್ಲಿ ಭಾಗಮಂಡಲದ ಕಡೆ ಸುರಿಯುವ ಮಳೆಯಲ್ಲಿ ಯಾವ ವೈಫೈ ನಿಂತೀತು?

ಪೊನ್ನಂಪೇಟೆ ಶಿಕ್ಷಕ
@ಹೂಮಳೆ, ಅರ್ಧ ಸರಿ, ಅರ್ಧ ತಪ್ಪು. ಸುರಿಯುವ ಹನಿಗಳು ಅಲೆಯನ್ನು ಗಣನೀಯವಾಗಿ ತಡೆಯುವುದು ಸುಮಾರು 10 ಗಿಗಾಹರ್ಟ್ಸ್‌ಗಿಂತ ಮೇಲೆ. ಛಾವಣಿಯ ಮೇಲಿನ ಡಿಟಿಎಚ್ ತಟ್ಟೆ ಜೋರು ಮಳೆಗೆ ಚಿತ್ರ ಕಳೆದುಕೊಳ್ಳುವುದು ಅದಕ್ಕೇ. ವೈಫೈ ಇರುವುದು 2.4 ಮತ್ತು 5 ಗಿಗಾಹರ್ಟ್ಸ್‌ನಲ್ಲಿ. ಮನೆಯೊಳಗಿನ ಅಂತರಕ್ಕೆ ಮಳೆಹನಿಯ ಪರಿಣಾಮ ಲೆಕ್ಕಕ್ಕಿಲ್ಲ.

ಆದರೆ ನೆನೆದ ಎಲೆಗಳ ಮಾತು ಬೇರೆ. ಮನೆಯಿಂದ ಕಣಕ್ಕೋ ಗೋದಾಮಿಗೋ ವೈಫೈ ಒಯ್ಯುವವರಿಗೆ ನಡುವೆ ಕಾಫಿ ಗಿಡ, ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇದ್ದರೆ ಮಳೆಗಾಲದಲ್ಲಿ ಸಿಗ್ನಲ್ ನಿಜವಾಗಿಯೂ ಬೀಳುತ್ತದೆ, 5 ಗಿಗಾಹರ್ಟ್ಸ್‌ನಲ್ಲಿ ಇನ್ನೂ ಹೆಚ್ಚು. ಮೂಲ ಪ್ರಶ್ನೆಗೆ ಅದು ಅನ್ವಯಿಸುವುದಿಲ್ಲ, ಅವರ ರೂಟರೂ ಲ್ಯಾಪ್‌ಟಾಪೂ ಒಂದೇ ಸೂರಿನಡಿ ಇವೆ.

ಸೋಮವಾರಪೇಟೆ ಶುಂಠಿ
ನಮ್ಮಲ್ಲಿ ವೈಫೈ ಕಡಿಯುವ ಮಾತೇ ಇಲ್ಲ. ಮರ ಬಿದ್ದು ಕೇಬಲ್ಲೇ ಕಡಿಯುತ್ತದೆ. ಸರಿಮಾಡಲು ಬಂದವರು ಒಂದು ಕಡೆ ಜೋಡಿಸಿ ಹೋಗುವಷ್ಟರಲ್ಲಿ ಇನ್ನೊಂದು ಕಡೆ ಕೊಂಬೆ ಬಿದ್ದಿರುತ್ತದೆ.

ಬ್ರಹ್ಮಗಿರಿ
@ಸೋಮವಾರಪೇಟೆ ಶುಂಠಿ, ನಮ್ಮ ಕಡೆ ಆನೆಗಳೂ ಸೇರಿಕೊಂಡಿವೆ. ತೋಟಕ್ಕೆ ನುಗ್ಗಿದಾಗ ತಗ್ಗಿನಲ್ಲಿ ಜೋತಾಡುವ ತಂತಿಯನ್ನೂ ಎಳೆದುಕೊಂಡು ಹೋಗುತ್ತವೆ. 2018ರ ಆಗಸ್ಟ್‌ನ ಭೂಕುಸಿತದ ಸಮಯದಲ್ಲಿ ದೂರವಾಣಿಯ ಸಂಪರ್ಕವೇ ಇಲ್ಲದೆ ಮನೆಯವರು ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದೆ ಹೊರಗಿನ ಊರಿನಲ್ಲಿ ಕುಳಿತಿದ್ದವರನ್ನು ಕೇಳಿ. ಸಂಪರ್ಕ ಎಂಬುದು ಈ ಜಿಲ್ಲೆಗೆ ಮನರಂಜನೆಯ ವಿಷಯವಲ್ಲ.

ವಿರಾಜಪೇಟೆಯವಳು
ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ ಈ ಎಳೆ ಅಡಾಪ್ಟರ್ ಬಗ್ಗೆ ಇರಲಿ, ಕೇಬಲ್‌ನ ಅಳಲಿಗೆ ಬೇರೆ ಎಳೆ ತೆರೆಯಿರಿ, ಅಲ್ಲಿ ನಾನೂ ಬರೆಯುತ್ತೇನೆ.

ಚೆಟ್ಟಳ್ಳಿ ತೋಟದಮನೆ
ನೋಡಿದೆ. ಬೆಳಿಗ್ಗೆ ಹೀಗಿತ್ತು: ಚಾನೆಲ್ 44, ರೇಡಿಯೊ ವಿಧ 802.11ಎಸಿ, ಸಿಗ್ನಲ್ 46%. ಮಧ್ಯಾಹ್ನ ಕಡಿದು ಕೂಡಿದ ಮೇಲೆ: ಚಾನೆಲ್ 9, ರೇಡಿಯೊ ವಿಧ 802.11ಎನ್, ಸಿಗ್ನಲ್ 83%, ರಿಸೀವ್ ರೇಟ್ 144.4. ವರದಿಯಲ್ಲಿ ಕೆಂಪು ಗುರುತುಗಳು ಗುಂಪುಗುಂಪಾಗಿವೆ. ಹಲವಕ್ಕೆ ಎದುರಿಗೆ ನೆಟ್‌ವರ್ಕ್ ಅನ್ನು ಡ್ರೈವರ್ (ಅಡಾಪ್ಟರ್ ಅನ್ನು ನಡೆಸುವ ತಂತ್ರಾಂಶ) ಕಡಿದಿದೆ ಎಂಬ ಅರ್ಥದ ಸಾಲಿದೆ. ಹೆಚ್ಚಿನವು ಮಧ್ಯಾಹ್ನದ ನಂತರದವು.

ಮಡಿಕೇರಿ ಕಂಪ್ಯೂಟರ್ ಅಂಗಡಿ
ಚಾನೆಲ್ 9! ಅಲ್ಲೇ ಇದೆ ದೋಷ. 1, 6, 11 ಬಿಟ್ಟು ಬೇರೆ ಚಾನೆಲ್ ಇಡಬಾರದು. ಒಂದರ ಮೇಲೊಂದು ಬೀಳುತ್ತವೆ.

ವಿರಾಜಪೇಟೆಯವಳು
@ಮಡಿಕೇರಿ ಕಂಪ್ಯೂಟರ್ ಅಂಗಡಿ, ಮಡಿಕೇರಿ ಪೇಟೆಯಲ್ಲಿ ಅಥವಾ ಕುಶಾಲನಗರದ ಬಡಾವಣೆಗಳಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ. ಅಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳು, ಪ್ರತಿ ಮನೆಯಲ್ಲೂ ರೂಟರ್. ಚೆಟ್ಟಳ್ಳಿಯ ತೋಟದ ನಡುವೆ ಪಕ್ಕದ ಮನೆಯ ವೈಫೈ ಪಟ್ಟಿಯಲ್ಲಿ ಕಾಣಿಸುವುದೂ ಅನುಮಾನ. ಯಾರ ಜೊತೆ ತಿಕ್ಕಾಟ? ಚಾನೆಲ್ 9 ಅಲ್ಲಿ ನಿರುಪದ್ರವಿ. ಸೆಕೆಂಡಿಗೆ 144.4 ಮೆಗಾಬಿಟ್ ಎಂಬುದು 20 ಮೆಗಾಹರ್ಟ್ಸ್ ಅಗಲದಲ್ಲಿ ಎರಡು ಆಂಟೆನಾಗಳಿಗೆ 802.11ಎನ್ ಕೊಡಬಲ್ಲ ಗರಿಷ್ಠ ವೇಗ. ಅಂದರೆ ಆ ಸಂಪರ್ಕ ಆರೋಗ್ಯವಾಗಿದೆ.

ಅಂಕಿಗಳಲ್ಲಿ ನನಗೆ ಕಾಣುವುದು ಬೇರೆ. ಚಾನೆಲ್ 44 ಇರುವುದು 5 ಗಿಗಾಹರ್ಟ್ಸ್‌ನಲ್ಲಿ, 9 ಇರುವುದು 2.4ರಲ್ಲಿ. ಅಂದರೆ ಲ್ಯಾಪ್‌ಟಾಪ್ ಎರಡು ಬ್ಯಾಂಡ್‌ಗಳ ನಡುವೆ ಓಡಾಡುತ್ತಿದೆ. ಮಣ್ಣಿನ ಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಸೊರಗಿ 46ಕ್ಕೆ ಬಂದಿದೆ, 2.4 ಮಾತ್ರ 83ರಲ್ಲಿ ನಿಂತಿದೆ. ಅಡ್ವಾನ್ಸ್‌ಡ್ ಪುಟದಲ್ಲಿ "ಪ್ರಿಫರ್ಡ್ ಬ್ಯಾಂಡ್" ಎಂಬ ಸಾಲನ್ನು ಹುಡುಕಿ, 2.4 ಆಯ್ಕೆ ಮಾಡಿ. ಅದು ಆದ್ಯತೆ ಮಾತ್ರ, ಕಟ್ಟಪ್ಪಣೆಯಲ್ಲ. 2.4 ಸಿಗದಿದ್ದರೆ ಅಡಾಪ್ಟರ್ 5ಕ್ಕೇ ಹೋಗುತ್ತದೆ. ನಿಮ್ಮ ವಿಡಿಯೊ ಸಭೆಗೆ 2.4ರ ವೇಗ ಧಾರಾಳವಾಗಿ ಸಾಕು.

ಆದರೆ ಡ್ರೈವರ್ ಕಡಿದಿದೆ ಎಂಬ ಸಾಲುಗಳಿಗೆ ಇದರಿಂದ ಉತ್ತರ ಸಿಗುವುದಿಲ್ಲ. ಒಂದು ಪ್ರಶ್ನೆ: ಗುಂಪುಗುಂಪಾಗಿ ಕಡಿದ ಆ ಹೊತ್ತಿನಲ್ಲಿ ಮನೆಯಲ್ಲಿ ಕರೆಂಟ್ ಇತ್ತೇ?

ಚೆಟ್ಟಳ್ಳಿ ತೋಟದಮನೆ
ಮಳೆಗಾಲದಲ್ಲಿ ಮಧ್ಯಾಹ್ನದ ಮೇಲೆ ಕರೆಂಟ್ ಇರುವುದೇ ಅಪರೂಪ. ಆದರೆ ರೂಟರ್‌ಗೆ ಇನ್ವರ್ಟರ್ ಇದೆ. ಕರೆಂಟ್ ಹೋದರೂ ಅದು ಆರುವುದಿಲ್ಲ. ಫೈಬರ್ ಪೆಟ್ಟಿಗೆಯೂ ಇನ್ವರ್ಟರ್‌ನಲ್ಲೇ ಇದೆ.

ಮಡಿಕೇರಿ ಕಂಪ್ಯೂಟರ್ ಅಂಗಡಿ
ಹಾಗಾದರೆ ಇನ್ವರ್ಟರ್‌ನದೇ ತೊಂದರೆ. ಅಗ್ಗದ ಇನ್ವರ್ಟರ್‌ಗಳು ಶುದ್ಧ ಸೈನ್ ಅಲೆ ಕೊಡುವುದಿಲ್ಲ. ರೂಟರ್‌ನ ಪವರ್ ಅಡಾಪ್ಟರ್ ಬಿಸಿಯಾಗಿ ತೊಂದರೆ ಕೊಡುತ್ತದೆ.

ಪೊನ್ನಂಪೇಟೆ ಶಿಕ್ಷಕ
ಇನ್ವರ್ಟರ್ ರೂಟರ್‌ಗೆ ತೊಂದರೆ ಕೊಟ್ಟರೆ ಮೊಬೈಲ್‌ನ ವೈಫೈ ಕೂಡ ಕಡಿಯಬೇಕಲ್ಲವೇ? ಅವರು ಮೊದಲ ವಾಕ್ಯದಲ್ಲೇ ಮೊಬೈಲ್ ಕಡಿಯುವುದಿಲ್ಲ ಎಂದಿದ್ದಾರೆ. ರೂಟರ್ ಎರಡಕ್ಕೂ ಒಂದೇ. ಆದ್ದರಿಂದ ವ್ಯತ್ಯಾಸ ಲ್ಯಾಪ್‌ಟಾಪ್‌ನ ಬದಿಯಲ್ಲೇ ಇರಬೇಕು.

ವಿರಾಜಪೇಟೆಯವಳು
ಶಿಕ್ಷಕರು ಗುರಿಗೇ ಹೊಡೆದಿದ್ದಾರೆ. @ಚೆಟ್ಟಳ್ಳಿ ತೋಟದಮನೆ, ನಿಮ್ಮ ಕೋಣೆಯ ಪ್ಲಗ್ ಕೂಡ ಇನ್ವರ್ಟರ್‌ನಲ್ಲಿದೆಯೇ?

ಚೆಟ್ಟಳ್ಳಿ ತೋಟದಮನೆ
ಇಲ್ಲ. ಇನ್ವರ್ಟರ್ ಇರುವುದು ನಡುಮನೆಗೂ ಅಡುಗೆಮನೆಯ ದೀಪಕ್ಕೂ ಮಾತ್ರ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ.

ವಿರಾಜಪೇಟೆಯವಳು
ಹಾಗಿದ್ದರೆ ನನ್ನ ಅನುಮಾನ ಇದು. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿರುವಾಗ ವಿಂಡೋಸ್ ವೈಫೈ ಅಡಾಪ್ಟರ್ ಅನ್ನು ಪೂರ್ಣ ಶಕ್ತಿಯಲ್ಲಿ ನಡೆಸುತ್ತದೆ. ಬ್ಯಾಟರಿಗೆ ಬಂದ ಕೂಡಲೇ ಉಳಿತಾಯದ ವಿಧಾನಕ್ಕೆ ಬದಲಿಸುತ್ತದೆ. ಉಳಿತಾಯದ ವಿಧಾನದಲ್ಲಿ ಅಡಾಪ್ಟರ್ ಕ್ಷಣಕ್ಷಣಕ್ಕೂ ಮಲಗುತ್ತದೆ, ರೂಟರ್ ಸೆಕೆಂಡಿಗೆ ಸುಮಾರು ಹತ್ತು ಬಾರಿ ಕಳಿಸುವ ಬೀಕನ್ ಸಂಕೇತವನ್ನು ಕೇಳಲು ಎದ್ದು, ತನಗೇನಾದರೂ ಬಂದಿದೆಯೇ ಎಂದು ನೋಡಿ ಮತ್ತೆ ಮಲಗುತ್ತದೆ. ಅದು ಮಲಗಿರುವಾಗ ಬಂದ ದತ್ತಾಂಶವನ್ನು ರೂಟರ್ ಕಾದಿಟ್ಟುಕೊಳ್ಳಬೇಕು. ಮನೆಯವರು ಮಲಗಿರುವಾಗ ಬಂದ ಪತ್ರವನ್ನು ಅಂಚೆಯವನು ಜೋಪಾನವಾಗಿ ಇಟ್ಟುಕೊಂಡು ಎದ್ದಾಗ ಕೊಡುವಂತೆ. ಕೆಲವು ರೂಟರ್‌ಗಳು ಈ ಕೆಲಸವನ್ನು ಸರಿಯಾಗಿ ಮಾಡುವುದಿಲ್ಲ. ಆಗ ಪ್ಯಾಕೆಟ್‌ಗಳು ಕಳೆದುಹೋಗುತ್ತವೆ, ಕೊನೆಗೆ ಸಂಪರ್ಕವೇ ಕಡಿಯುತ್ತದೆ.

ಪರೀಕ್ಷೆ ಬಹಳ ಸುಲಭ. ಕರೆಂಟ್ ಇರುವಾಗಲೇ ಚಾರ್ಜರ್ ಕಿತ್ತು ಕೆಲಸ ಮಾಡಿ ನೋಡಿ. ಆಗಲೂ ಕಡಿದರೆ ಕಾರಣ ಸಿಕ್ಕಂತೆ. ಅಲ್ಲಿಯವರೆಗೆ ಬೇರೆ ಯಾವ ಸೆಟ್ಟಿಂಗ್ ಅನ್ನೂ ಬದಲಿಸಬೇಡಿ, ಪ್ರಿಫರ್ಡ್ ಬ್ಯಾಂಡ್ ಕೂಡ ಹಾಗೆಯೇ ಇರಲಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಹೇಳಲಾಗದು.

ಕರಿಮೆಣಸು
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಬದಲು ಮೆಶ್ ರೂಟರ್ (ಮನೆಯ ಹಲವು ಕಡೆ ಇಟ್ಟು ಒಂದೇ ಜಾಲವಾಗಿ ನಡೆಯುವ ರೂಟರ್‌ಗಳು) ತಂದು ಹಾಕಬಹುದು.

ಪೊನ್ನಂಪೇಟೆ ಶಿಕ್ಷಕ
@ಕರಿಮೆಣಸು, ಸಾವಿರಾರು ರೂಪಾಯಿ ಸುರಿದು ಮೆಶ್ ತಂದ ಮೇಲೂ ಬ್ಯಾಟರಿಯಲ್ಲಿ ಅಡಾಪ್ಟರ್ ಮಲಗಿದರೆ? ಈ ವರ್ಷ ಮೆಣಸಿಗೆ ಒಳ್ಳೆಯ ಬೆಲೆ ಸಿಕ್ಕಿರಬಹುದು, ಎಲ್ಲರ ಕೈಯಲ್ಲೂ ಅಷ್ಟು ಹಣ ಇರುವುದಿಲ್ಲ.

ಚೆಟ್ಟಳ್ಳಿ ತೋಟದಮನೆ
ಕಿತ್ತು ನೋಡಿದೆ. ಕರೆಂಟ್ ಇತ್ತು, ಮಳೆ ನಿಂತಿತ್ತು, ಮೊಬೈಲ್ ಪಕ್ಕದಲ್ಲೇ ಇತ್ತು. ಚಾರ್ಜರ್ ತೆಗೆದು ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪ್ ಕಡಿಯಿತು! ಚಾರ್ಜರ್ ಹಾಕಿದರೆ ನಿಲ್ಲುತ್ತದೆ, ತೆಗೆದರೆ ಮತ್ತೆ ಕಡಿಯುತ್ತದೆ. ಮಳೆಗೂ ಇದಕ್ಕೂ ನೇರ ಸಂಬಂಧವೇ ಇಲ್ಲ. ಮಳೆ ಬಂದರೆ ಕರೆಂಟ್ ಹೋಗುತ್ತದೆ, ಕರೆಂಟ್ ಹೋದರೆ ಬ್ಯಾಟರಿ. ಇನ್ನು ಎಲ್ಲಿ ಏನು ಬದಲಿಸಲಿ?

ವಿರಾಜಪೇಟೆಯವಳು
ತುಂಬಾ ಸಂತೋಷ! ಎರಡು ಕಡೆ ನೋಡಬೇಕು. ಮೊದಲನೆಯದು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್. ಅಲ್ಲಿ ಈಗಿರುವ ಯೋಜನೆಯ ಪಕ್ಕದಲ್ಲಿ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅದರೊಳಗೆ ಅಡ್ವಾನ್ಸ್‌ಡ್ ಪವರ್ ಸೆಟ್ಟಿಂಗ್ಸ್. ತೆರೆಯುವ ಪುಟ್ಟ ಕಿಟಕಿಯಲ್ಲಿ "ವೈರ್‌ಲೆಸ್ ಅಡಾಪ್ಟರ್ ಸೆಟ್ಟಿಂಗ್ಸ್" ಎಂಬುದನ್ನು ಬಿಡಿಸಿ, ಅದರ ಕೆಳಗಿನ ಪವರ್ ಸೇವಿಂಗ್ ಮೋಡ್‌ನಲ್ಲಿ "ಆನ್ ಬ್ಯಾಟರಿ" ಎದುರಿಗೆ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಇಡಿ.

ಇಷ್ಟು ಮಾಡಿ ಚಾರ್ಜರ್ ಕಿತ್ತು ನೋಡಿ. ಆಮೇಲೂ ಕಡಿದರೆ ಮಾತ್ರ ಎರಡನೆಯದು: ಡಿವೈಸ್ ಮ್ಯಾನೇಜರ್‌ನಲ್ಲಿ ಅಡಾಪ್ಟರ್‌ನ ಪ್ರಾಪರ್ಟೀಸ್, ಪವರ್ ಮ್ಯಾನೇಜ್‌ಮೆಂಟ್ ಪುಟ, ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಲು ಕಂಪ್ಯೂಟರ್‌ಗೆ ಅನುಮತಿ ಕೊಡುವ ಚೌಕದಲ್ಲಿನ ಗುರುತು ತೆಗೆಯಿರಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ. ಸಭೆಯಿಂದ ಹೊರಬೀಳುವುದಕ್ಕಿಂತ ಅದು ವಾಸಿ.

ಶನಿವಾರಸಂತೆ ವಿದ್ಯಾರ್ಥಿ
ಅಕ್ಕ, ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಪವರ್ ಮ್ಯಾನೇಜ್‌ಮೆಂಟ್ ಪುಟವೇ ಇಲ್ಲ. ಪವರ್ ಆಪ್ಷನ್ಸ್‌ನಲ್ಲೂ ವೈರ್‌ಲೆಸ್ ಎಂಬ ಸಾಲು ಕಾಣುತ್ತಿಲ್ಲ. ಹೊಸದು, ಹೋದ ವರ್ಷ ಕೊಂಡದ್ದು. ನನಗೂ ಇದೇ ರೀತಿ ಕಡಿಯುತ್ತದೆ.

ವಿರಾಜಪೇಟೆಯವಳು
@ಶನಿವಾರಸಂತೆ ವಿದ್ಯಾರ್ಥಿ, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ, ಮೊಬೈಲ್‌ನಂತೆ ನಿದ್ರಿಸಿ ತಕ್ಷಣ ಏಳುವ ವ್ಯವಸ್ಥೆ ಇರುತ್ತದೆ. ಅಂಥವುಗಳಲ್ಲಿ ಈ ಎರಡೂ ಸಾಮಾನ್ಯವಾಗಿ ಮರೆಯಾಗಿರುತ್ತವೆ. ನೀವು ಸೆಟ್ಟಿಂಗ್ಸ್‌ನ ಪವರ್ ವಿಭಾಗದಲ್ಲಿ ಬ್ಯಾಟರಿಯಲ್ಲಿರುವಾಗ ಬೆಸ್ಟ್ ಪರ್ಫಾರ್ಮೆನ್ಸ್ ಇಟ್ಟು ನೋಡಿ. ಸಾಲದಿದ್ದರೆ ಅಡಾಪ್ಟರ್‌ನ ಅಡ್ವಾನ್ಸ್‌ಡ್ ಪುಟದಲ್ಲಿ "ಮೈಮೊ ಪವರ್ ಸೇವ್ ಮೋಡ್" (ಹಲವು ಆಂಟೆನಾಗಳ ಬಳಕೆ ತಗ್ಗಿಸಿ ವಿದ್ಯುತ್ ಉಳಿಸುವುದು) ಇದೆಯೇ ನೋಡಿ, ಇದ್ದರೆ ಆ ಉಳಿತಾಯ ಬೇಡ ಎನ್ನುವ "ನೋ ಎಸ್‌ಎಂಪಿಎಸ್" ಆಯ್ಕೆ ಮಾಡಿ. ಇಂಟೆಲ್ ಅಡಾಪ್ಟರ್‌ಗಳಲ್ಲಿ ಈ ಹೆಸರಿನಲ್ಲಿರುತ್ತದೆ, ಬೇರೆ ತಯಾರಕರ ಪಟ್ಟಿ ಬೇರೆಯಾಗಿರುತ್ತದೆ.

ಕುಶಾಲನಗರ ಲಿನಕ್ಸ್
ಲಿನಕ್ಸ್‌ನವರನ್ನು ಮರೆಯಬೇಡಿ. ಉಬುಂಟುವಿನಲ್ಲೂ ಇದೇ ಕಥೆ. ನೆಟ್‌ವರ್ಕ್‌ಮ್ಯಾನೇಜರ್‌ನ ಕಾನ್ಫ್-ಡಿ ಕಡತಕೋಶದಲ್ಲಿ ವೈಫೈ ಪವರ್‌ಸೇವ್ ಕುರಿತ ಪುಟ್ಟ ಕಡತವಿರುತ್ತದೆ. ಅದರಲ್ಲಿ ಮೌಲ್ಯ 3 ಎಂದಿದ್ದರೆ ಉಳಿತಾಯ ಚಾಲೂ ಇದೆ ಎಂದರ್ಥ. 2 ಮಾಡಿ ಉಳಿಸಿ, ನೆಟ್‌ವರ್ಕ್‌ಮ್ಯಾನೇಜರ್ ಅನ್ನು ಮತ್ತೆ ಪ್ರಾರಂಭಿಸಿ. ತಾತ್ಕಾಲಿಕವಾಗಿ ಪರೀಕ್ಷಿಸಬೇಕಾದರೆ "ಐಡಬ್ಲ್ಯು" ಆಜ್ಞೆಯಲ್ಲೇ ಪವರ್ ಸೇವ್ ಆಫ್ ಮಾಡಬಹುದು, ಕಂಪ್ಯೂಟರ್ ಆರಿಸಿ ಹಾಕಿದರೆ ಮೊದಲಿನಂತಾಗುತ್ತದೆ. ಬಡಾವಣೆಯಲ್ಲಿರುವ ನಮ್ಮ ಮನೆಯಲ್ಲಿ ಇದರ ಜೊತೆಗೆ ಚಾನೆಲ್ ಅನ್ನೂ 11ಕ್ಕೆ ಕಟ್ಟಿಹಾಕಬೇಕಾಯಿತು. ಪಟ್ಟಿ ತೆರೆದರೆ ಸುತ್ತಲಿನ ರೂಟರ್‌ಗಳೆಲ್ಲ 1 ಮತ್ತು 6ರಲ್ಲೇ ತುಂಬಿಕೊಂಡಿದ್ದವು. ಅಂಗಡಿಯವರು ಹೇಳಿದ್ದು ಪೇಟೆಗೆ ಖಂಡಿತ ಸರಿ.

ಮಡಿಕೇರಿ ಕಂಪ್ಯೂಟರ್ ಅಂಗಡಿ
ಧನ್ಯವಾದ. ಒಂದು ಮಾತನ್ನು ನಾನು ಬಿಟ್ಟುಕೊಡುವುದಿಲ್ಲ. ಡ್ರೈವರ್ ಹಳೆಯದಾಗಿದ್ದರೆ ಏನು ಮಾಡಿದರೂ ಅಷ್ಟೇ. ಲ್ಯಾಪ್‌ಟಾಪ್ ತಯಾರಕರ ತಾಣದಿಂದಲೇ ತೆಗೆದುಕೊಳ್ಳಿ, "ಉಚಿತ ಡ್ರೈವರ್ ಅಪ್‌ಡೇಟರ್" ಎಂದು ಜಾಹೀರಾತು ಕೊಡುವ ತಂತ್ರಾಂಶಗಳನ್ನು ದಯವಿಟ್ಟು ಹಾಕಬೇಡಿ. ಅವುಗಳನ್ನು ಹಾಕಿಕೊಂಡು ನನ್ನಲ್ಲಿಗೆ ಬಂದ ಲ್ಯಾಪ್‌ಟಾಪ್‌ಗಳ ಸ್ಥಿತಿ ನೋಡಲಾಗದು. ಹೊಸ ಡ್ರೈವರ್ ಬಂದ ಮೇಲೆಯೇ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನ ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಇದೆ, ಹಳೆಯದಕ್ಕೆ ಮರಳಬಹುದು.

ಹೂಮಳೆ
ವೈಫೈಯೇ ಇಲ್ಲದಿದ್ದರೆ ಡ್ರೈವರ್ ಇಳಿಸಿಕೊಳ್ಳುವುದು ಹೇಗೆ? ನಮ್ಮ ಮನೆಯಲ್ಲಿ ಲ್ಯಾನ್ ಕೇಬಲ್ ಇಲ್ಲ, ಲ್ಯಾಪ್‌ಟಾಪ್‌ನಲ್ಲಿ ಅದರ ಕಿಂಡಿಯೂ ಇಲ್ಲ.

ಮಡಿಕೇರಿ ಕಂಪ್ಯೂಟರ್ ಅಂಗಡಿ
ಮೊಬೈಲ್ ಅನ್ನು ಚಾರ್ಜಿಂಗ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಮೊಬೈಲ್‌ನ ಹಾಟ್‌ಸ್ಪಾಟ್ ವಿಭಾಗದಲ್ಲಿ ಯುಎಸ್‌ಬಿ ಟೆದರಿಂಗ್ ಚಾಲೂ ಮಾಡಿ. ವೈಫೈ ಅಡಾಪ್ಟರ್ ಸತ್ತಿದ್ದರೂ ಇಂಟರ್‌ನೆಟ್ ಬರುತ್ತದೆ. ಕೇಬಲ್ ಚಾರ್ಜಿಂಗ್‌ಗೆ ಮಾತ್ರ ಆಗುವಂಥದ್ದಾಗಿರಬಾರದು, ದತ್ತಾಂಶವನ್ನೂ ಸಾಗಿಸುವಂಥದ್ದಾಗಿರಬೇಕು.

ಹೂಮಳೆ
ಇದು ನನಗೆ ಗೊತ್ತೇ ಇರಲಿಲ್ಲ! ಕರೆಂಟೂ ಫೈಬರೂ ಎರಡೂ ಹೋದ ದಿನ ಕೆಲಸಕ್ಕೆ ಬರುತ್ತದೆ.

ಬ್ರಹ್ಮಗಿರಿ
ಹಾಗೆ ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಆ ಸಂಪರ್ಕದ ಪ್ರಾಪರ್ಟೀಸ್‌ನಲ್ಲಿ "ಮೀಟರ್ಡ್ ಕನೆಕ್ಷನ್" ಎಂದು ಗುರುತು ಹಾಕಿ. ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ಹಿಂದಿನಿಂದ ಇಳಿದು ದಿನದ ಡೇಟಾ ಖಾಲಿಯಾಗುತ್ತದೆ. ಜೊತೆಗೆ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಅದು ಕಾಣಿಸುವುದೇ ಇಲ್ಲ. ಮೊಬೈಲ್‌ನಲ್ಲಿ 2.4ಕ್ಕೆ ಬದಲಿಸಬೇಕು.

ಕಕ್ಕಬ್ಬೆ ಹೋಮ್‌ಸ್ಟೇ
ನಮ್ಮ ಅತಿಥಿಗಳ ದೂರೊಂದಿದೆ. ನಾವು ರೂಟರ್‌ನಲ್ಲಿ ಸಾಧನಗಳ ಮ್ಯಾಕ್ ವಿಳಾಸ (ಪ್ರತಿ ಸಾಧನದ ಅಡಾಪ್ಟರ್‌ನ ಗುರುತಿನ ಸಂಖ್ಯೆ) ಸೇರಿಸಿ ಅವುಗಳಿಗೆ ಮಾತ್ರ ಪ್ರವೇಶ ಕೊಡುತ್ತೇವೆ. ನಿನ್ನೆ ಸೇರಿಸಿದ ಲ್ಯಾಪ್‌ಟಾಪ್ ಇವತ್ತು ಪ್ರವೇಶವಿಲ್ಲ ಎನ್ನುತ್ತದೆ. ರೂಟರ್ ಕೆಟ್ಟಿದೆಯೇ?

ಕುಶಾಲನಗರ ಲಿನಕ್ಸ್
ರೂಟರ್ ಸರಿಯಾಗಿದೆ. ವಿಂಡೋಸ್‌ನಲ್ಲಿ "ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸ್" ಎಂಬ ಆಯ್ಕೆಯಿದೆ, ದಿನಕ್ಕೊಮ್ಮೆ ಬದಲಿಸು ಎಂದೂ ಅದರಲ್ಲಿ ಇಡಬಹುದು. ಅತಿಥಿಯ ಲ್ಯಾಪ್‌ಟಾಪ್‌ನಲ್ಲಿ ಹಾಗಿದ್ದರೆ ಇವತ್ತು ಅದು ನಿಮ್ಮ ರೂಟರ್‌ಗೆ ಅಪರಿಚಿತ. ನಿಮ್ಮ ನೆಟ್‌ವರ್ಕ್‌ಗೆ ಮಾತ್ರ ಆ ಆಯ್ಕೆಯನ್ನು ಆಫ್ ಮಾಡಲು ಹೇಳಿ. ಇಷ್ಟು ಹೇಳಿದ ಮೇಲೂ ನನ್ನ ಅಭಿಪ್ರಾಯ: ಮ್ಯಾಕ್ ಪಟ್ಟಿಯ ಗೊಡವೆಯೇ ಬೇಡ. ಆ ವಿಳಾಸವನ್ನು ಯಾರು ಬೇಕಾದರೂ ನಕಲು ಮಾಡಬಹುದು, ಅದರಿಂದ ರಕ್ಷಣೆ ಸಿಗುವುದಿಲ್ಲ. ಅತಿಥಿಗಳಿಗೆ ಬೇರೆ ಹೆಸರಿನ ಗೆಸ್ಟ್ ನೆಟ್‌ವರ್ಕ್ ಮಾಡಿ, ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ರಕ್ಷಣೆ ಇಟ್ಟು, ಗುಪ್ತಪದವನ್ನು ಆಗಾಗ ಬದಲಿಸಿ.

ಕುಟ್ಟ ಗಡಿಯವನು
ನನ್ನದು ವಿಚಿತ್ರ. ತಮ್ಮ ಅಮೆರಿಕದಿಂದ ತಂದುಕೊಟ್ಟ ಲ್ಯಾಪ್‌ಟಾಪ್. ಕೆಲವು ದಿನ ವೈಫೈ ಸಿಗುತ್ತದೆ, ಕೆಲವು ದಿನ ನಮ್ಮ ಮನೆಯ ವೈಫೈ ಹೆಸರೇ ಪಟ್ಟಿಯಲ್ಲಿ ಕಾಣಿಸುವುದಿಲ್ಲ. ಮೊಬೈಲ್‌ಗಳಲ್ಲಿ ಕಾಣಿಸುತ್ತದೆ. ಹೆಚ್ಚಾಗಿ ಕರೆಂಟ್ ಹೋಗಿ ಬಂದ ಮೇಲೆ ಹೀಗಾಗುತ್ತದೆ. ನನಗೂ ಪವರ್ ಸೇವಿಂಗ್‌ನದೇ ತೊಂದರೆಯೇ?

ವಿರಾಜಪೇಟೆಯವಳು
@ಕುಟ್ಟ ಗಡಿಯವನು, ನಿಮ್ಮದು ಪೂರ್ತಿ ಬೇರೆ. ಹೆಸರೇ ಕಾಣಿಸದಿರುವುದು ದೊಡ್ಡ ಸುಳಿವು. ರೂಟರ್‌ಗೆ ಇನ್ವರ್ಟರ್ ಇಲ್ಲ ಎಂದುಕೊಳ್ಳುತ್ತೇನೆ. ಕರೆಂಟ್ ಬಂದಾಗಲೆಲ್ಲ ಅದು ಹೊಸದಾಗಿ ಎದ್ದು ತನಗೆ ತೋಚಿದ ಚಾನೆಲ್ ಆರಿಸಿಕೊಳ್ಳುತ್ತದೆ. ಭಾರತದಲ್ಲಿ 2.4 ಗಿಗಾಹರ್ಟ್ಸ್‌ನಲ್ಲಿ 1ರಿಂದ 13ರವರೆಗಿನ ಚಾನೆಲ್‌ಗಳನ್ನು ಬಳಸಬಹುದು. ಅಮೆರಿಕದಲ್ಲಿ ಸಾಮಾನ್ಯವಾಗಿ 11ಕ್ಕೇ ಮುಗಿಯುತ್ತದೆ, ಅಲ್ಲಿನ ಮಾರುಕಟ್ಟೆಗೆ ತಯಾರಾದ ಹಲವು ಅಡಾಪ್ಟರ್‌ಗಳು 12 ಮತ್ತು 13ನ್ನು ನೋಡುವುದೇ ಇಲ್ಲ. ರೂಟರ್ ಆ ಎರಡರಲ್ಲಿ ಒಂದಕ್ಕೆ ಹೋದ ದಿನ ನಿಮ್ಮ ಲ್ಯಾಪ್‌ಟಾಪ್‌ನ ಪಾಲಿಗೆ ಮನೆಯಲ್ಲಿ ವೈಫೈ ಇಲ್ಲ. ಮುಂದಿನ ಬಾರಿ ಕಾಣಿಸದಿದ್ದಾಗ ಮೊಬೈಲ್‌ನಲ್ಲಿ ವೈಫೈ ಅನಲೈಸರ್ ರೀತಿಯ ಆ್ಯಪ್ ತೆರೆದು ಚಾನೆಲ್ ಸಂಖ್ಯೆ ನೋಡಿ.

ಕುಟ್ಟ ಗಡಿಯವನು
ಇವತ್ತು ಕಾಣಿಸುತ್ತಿಲ್ಲ. ಈಗಲೇ ನೋಡಿದೆ. 13!

ವಿರಾಜಪೇಟೆಯವಳು
ರೂಟರ್‌ನ ಪುಟಕ್ಕೆ ಹೋಗಿ ಚಾನೆಲ್ ಅನ್ನು ಆಟೊದಿಂದ ತೆಗೆದು 6ಕ್ಕೆ ಇಡಿ. ಲ್ಯಾಪ್‌ಟಾಪ್‌ನಲ್ಲಿ ಏನನ್ನೂ ಮುಟ್ಟುವುದು ಬೇಡ.

ಪೊನ್ನಂಪೇಟೆ ಶಿಕ್ಷಕ
ಇದಕ್ಕೆ ಪೂರಕವಾಗಿ ಒಂದು ಮಾತು. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿನ ಹೊತ್ತಿನಲ್ಲಿ ರೂಟರ್‌ನ ಪ್ಲಗ್ ಕಿತ್ತಿಡಿ. ಫೈಬರ್ ಗಾಜಿನ ಎಳೆಯಾದ್ದರಿಂದ ಅದರ ಮೂಲಕ ಮಿಂಚು ಹರಿದು ಬರುವುದಿಲ್ಲ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ಹೊಡೆತ ಬರುವುದು ವಿದ್ಯುತ್ ತಂತಿಯ ಮೂಲಕ. ನಮ್ಮ ಶಾಲೆಯ ಬಳಿ ಎಷ್ಟೋ ಮನೆಗಳ ರೂಟರ್‌ಗಳು ಹಾಗೆಯೇ ಸುಟ್ಟಿವೆ.

ಚೆಟ್ಟಳ್ಳಿ ತೋಟದಮನೆ
ಪವರ್ ಆಪ್ಷನ್ಸ್‌ನಲ್ಲಿ ಬದಲಿಸಿದ ಮೇಲೆ ಬ್ಯಾಟರಿಯಲ್ಲಿ ಕಡಿಯುವುದು ನಿಂತಿದೆ. ಇವತ್ತು ಕರೆಂಟ್ ಇಲ್ಲದೆಯೇ ಇಡೀ ಸಭೆ ಮುಗಿಸಿದೆ. ಎರಡನೆಯ ಚೌಕವನ್ನು ಮುಟ್ಟಲಿಲ್ಲ. ಅದಾದ ಮೇಲೆ ಪ್ರಿಫರ್ಡ್ ಬ್ಯಾಂಡ್ 2.4 ಮಾಡಿದೆ, ಚಾರ್ಜರ್‌ನಲ್ಲಿರುವಾಗ ಒಮ್ಮೊಮ್ಮೆ ಆಗುತ್ತಿದ್ದ ತಡವರಿಕೆಯೂ ಹೋಗಿದೆ. ರೋಮಿಂಗ್ ಅಗ್ರೆಸಿವ್‌ನೆಸ್ ಎಂಬ ಇನ್ನೊಂದು ಸಾಲಿದೆ, ಅದನ್ನೂ ಬದಲಿಸಲೇ?

ವಿರಾಜಪೇಟೆಯವಳು
ಹಾಗೆಯೇ ಬಿಡಿ. ಒಂದು ರೂಟರ್‌ನಿಂದ ಇನ್ನೊಂದಕ್ಕೆ ಎಷ್ಟು ಬೇಗ ಜಿಗಿಯಬೇಕು ಎಂಬುದು ಅದು. ಮನೆಯಲ್ಲಿ ಎರಡು ರೂಟರ್‌ಗಳಿದ್ದು, ಹತ್ತಿರದ್ದನ್ನು ಬಿಟ್ಟು ದೂರದ್ದಕ್ಕೇ ಲ್ಯಾಪ್‌ಟಾಪ್ ಅಂಟಿಕೊಂಡಿದ್ದರೆ ಹೆಚ್ಚಿಸಬೇಕು. ನಿಮಗೆ ಅದರ ಅಗತ್ಯವಿಲ್ಲ. ಟ್ರಾನ್ಸ್‌ಮಿಟ್ ಪವರ್ ಕೂಡ ಗರಿಷ್ಠದಲ್ಲೇ ಇರಲಿ.

ಕರಿಮೆಣಸು
ಇದೇ ಅಡಾಪ್ಟರ್ ವಿಷಯವಾದ್ದರಿಂದ ಕೇಳುತ್ತೇನೆ. ನಮ್ಮ ಮೇಜಿನ ಕಂಪ್ಯೂಟರ್‌ಗೆ ಬೆರಳಿನ ಉಗುರಿನಷ್ಟು ಚಿಕ್ಕ ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿದ್ದೇನೆ. ಹಾರ್ಡ್‌ಡಿಸ್ಕ್‌ನಿಂದ ಫೋಟೊ ನಕಲು ಮಾಡುವಾಗ ಮಾತ್ರ ವೈಫೈ ಸಾಯುತ್ತದೆ.

ಕುಶಾಲನಗರ ಲಿನಕ್ಸ್
ಹಾರ್ಡ್‌ಡಿಸ್ಕ್ ಯುಎಸ್‌ಬಿ 3ರದ್ದೇ? ಕಿಂಡಿಯ ಒಳಗೆ ನೀಲಿ ಬಣ್ಣ ಇದೆಯೇ?

ಕರಿಮೆಣಸು
ಹೌದು, ನೀಲಿ. ಅಡಾಪ್ಟರ್ ಅದರ ಪಕ್ಕದ ಕಿಂಡಿಯಲ್ಲೇ ಇದೆ.

ಕುಶಾಲನಗರ ಲಿನಕ್ಸ್
ಯುಎಸ್‌ಬಿ 3 ಕೆಲಸ ಮಾಡುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಯ ಮೇಲೂ ಹರಡುತ್ತದೆ. ಇಂಟೆಲ್ ಸಂಸ್ಥೆಯೇ 2012ರಲ್ಲಿ ಇದನ್ನು ವಿವರಿಸಿ ಪ್ರಬಂಧ ಪ್ರಕಟಿಸಿತ್ತು. ಒಂದು ಯುಎಸ್‌ಬಿ ವಿಸ್ತರಣಾ ಕೇಬಲ್ ತಂದು ಅಡಾಪ್ಟರ್ ಅನ್ನು ಮೇಜಿನ ಮೇಲೆ, ಡಿಸ್ಕ್‌ನಿಂದ ಒಂದೆರಡು ಅಡಿ ದೂರ ತನ್ನಿ. ಅಡಾಪ್ಟರ್‌ಗೆ 5 ಗಿಗಾಹರ್ಟ್ಸ್ ಬರುತ್ತಿದ್ದರೆ ಅದಕ್ಕೆ ಬದಲಿಸಿದರೂ ಆಗುತ್ತದೆ. ರೂಟರ್ ಬದಲಿಸುವ ಅಗತ್ಯವಿಲ್ಲ.

ಕುಟ್ಟ ಗಡಿಯವನು
6ಕ್ಕೆ ಇಟ್ಟೆ, ಲ್ಯಾಪ್‌ಟಾಪ್‌ನಲ್ಲಿ ಹೆಸರು ಬಂತು. ಬಹಳ ಉಪಕಾರವಾಯಿತು. ಈಗ ಪ್ರಿಂಟರ್ ಮಾತ್ರ ಸಿಗುತ್ತಿಲ್ಲ. ಅದು 5 ಗಿಗಾಹರ್ಟ್ಸ್ ಹೆಸರಿಗೆ ಸೇರುತ್ತಲೇ ಇಲ್ಲ.

ಮಡಿಕೇರಿ ಕಂಪ್ಯೂಟರ್ ಅಂಗಡಿ
ಮನೆಬಳಕೆಯ ಎಷ್ಟೋ ಪ್ರಿಂಟರ್‌ಗಳಲ್ಲಿ 2.4 ಮಾತ್ರ ಇರುತ್ತದೆ. ಪ್ರಿಂಟರ್ ಅನ್ನು 2.4ರ ಹೆಸರಿಗೆ ಸೇರಿಸಿ, ಲ್ಯಾಪ್‌ಟಾಪ್ 5ರಲ್ಲೇ ಇದ್ದರೂ ನಡೆಯುತ್ತದೆ, ಎರಡೂ ಒಂದೇ ರೂಟರ್‌ನ ಒಂದೇ ಜಾಲದಲ್ಲಿರುತ್ತವೆ. ಗೆಸ್ಟ್ ನೆಟ್‌ವರ್ಕ್‌ಗೆ ಮಾತ್ರ ಸೇರಿಸಬೇಡಿ, ಅಲ್ಲಿಂದ ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಕಾಣಿಸುವುದಿಲ್ಲ. ಆಮೇಲೂ ಸಿಗದಿದ್ದರೆ ಪ್ರಿಂಟರ್‌ನ ಪರದೆಯಲ್ಲಿ ಐಪಿ ವಿಳಾಸ ನೋಡಿ ಇಲ್ಲಿ ಬರೆಯಿರಿ. 169.254ರಿಂದ ಶುರುವಾಗುತ್ತಿದ್ದರೆ ರೂಟರ್ ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ ಎಂದರ್ಥ.